ಹಿಮ ಬೀಳುವ ಮೊದಲು ಸ್ಕೀ ಕಲಿಯಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಹನ್ನೊಂದು ವರ್ಷಗಳಿಂದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ವಯಸ್ಸು 43, ಕುಳಿತು ಮಾಡುವ ಕೆಲಸ. ಹೋದ ಚಳಿಗಾಲದಲ್ಲಿ ಕ್ರಾಸ್‌ಕಂಟ್ರಿ ಸ್ಕೀಯಿಂಗ್ ಕಲಿತೆ, ಕ್ಲಾಸಿಕ್ ಶೈಲಿ, ಅಂದರೆ ಎರಡು ಸ್ಕೀಗಳನ್ನೂ ಸಮಾನಾಂತರವಾಗಿಟ್ಟು ಕೋಲೂರುತ್ತ ಹಿಮದ ಮೇಲೆ ಜಾರುತ್ತ ಸಾಗುವುದು. ಹುಮ್ಮಸ್ಸಿನಲ್ಲಿ ಬರುವ ಫೆಬ್ರವರಿಯ ಕೋರ್ಟೆಲೋಪೆಟ್‌ಗೆ, ಅಂದರೆ 29 ಕಿ.ಮೀ. ಸ್ಕೀ ಓಟಕ್ಕೆ, ಹೆಸರು ಕೊಟ್ಟುಬಿಟ್ಟಿದ್ದೇನೆ. ಈಗ ಅಕ್ಟೋಬರ್. ಹಿಮ ಬೀಳಲು ಇನ್ನೂ ಎರಡು ತಿಂಗಳಾದರೂ ಬೇಕು. ವಾರಕ್ಕೆ ಮೂರು ದಿನ 5 ಕಿ.ಮೀ. ಓಡುತ್ತೇನೆ, ಎರಡು ದಿನ ಜಿಮ್‌ಗೆ ಹೋಗುತ್ತೇನೆ. ಇಷ್ಟು ಸಾಕೇ? ಇನ್ನೊಂದು ವಿಷಯ: ಪಕ್ಕದ ಮನೆಯವರಿಂದ ಹಳೆಯ ರೋಲರ್ ಸ್ಕೀ, ಅಂದರೆ ಹಿಮವಿಲ್ಲದಾಗ ಡಾಂಬರಿನ ಮೇಲೆ ಬಳಸುವ ಚಕ್ರದ ಸ್ಕೀ, ಕೊಂಡೆ. ಮೊದಲ ದಿನವೇ ಮನೆ ಮುಂದಿನ ಇಳಿಜಾರಿನಲ್ಲಿ ಬಿದ್ದು ಮೊಣಕೈ ತರಚಿಕೊಂಡೆ. ಯಜಮಾನರು ಮಾರಿಬಿಡು ಎನ್ನುತ್ತಿದ್ದಾರೆ. ಮಾರಲೇ?

ಉತ್ತರ: ಮಾರಬೇಡಿ. ಆದರೆ ಇನ್ನು ಎರಡು ವಾರ ಅದನ್ನು ಗ್ಯಾರೇಜಿನ ಗೋಡೆಗೆ ಒರಗಿಸಿಡಿ. ಯಜಮಾನರ ಭಯದಲ್ಲಿ ಅರ್ಥವಿದೆ. ಔಷಧಿ ಮಾತ್ರ ತಪ್ಪು. ನೀವು ಬಿದ್ದದ್ದು ರೋಲರ್ ಸ್ಕೀಯಿಂದಲ್ಲ, ಇಳಿಜಾರಿನಿಂದ. ಆ ಸಾಧನದಲ್ಲಿ ಸಾಮಾನ್ಯವಾಗಿ ಬ್ರೇಕೇ ಇರುವುದಿಲ್ಲ ಎಂಬುದನ್ನು ಕೊಳ್ಳುವವರಿಗೆ ಮೊದಲು ಹೇಳಬೇಕಾಗಿತ್ತು. ನಮ್ಮೂರಿನಲ್ಲಿ ಸೈಕಲ್ ಕಲಿಸುವವರೂ ಮೊದಲು ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದರೇ ಹೊರತು ಆಗುಂಬೆ ಘಾಟಿಗಲ್ಲ.

ರೋಲರ್ ಸ್ಕೀಯ ವಿಷಯಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಮೊದಲ ಪ್ರಶ್ನೆಯೇ ದೊಡ್ಡದು: ಓಟ ಸಾಕೇ?

ನಾನು ಈ ನಾಡಿಗೆ ಬಂದು ಸ್ಕೀಗೆ ಬಿದ್ದ ಎರಡನೆಯ ವರ್ಷ ನಿಮ್ಮಂತೆಯೇ ಯೋಚಿಸಿದ್ದೆ. ಬೇಸಿಗೆಯಿಂದ ನವೆಂಬರ್‌ವರೆಗೆ ಬಿಡದೆ ಓಡಿದೆ, ಅರ್ಧ ಮ್ಯಾರಥಾನ್ ಕೂಡ ಮುಗಿಸಿದೆ. ಡಿಸೆಂಬರ್‌ನಲ್ಲಿ ಹಿಮದ ಮೇಲೆ ನಿಂತಾಗ ನನ್ನಷ್ಟು ದಮ್ಮಿನವರು ಸುತ್ತಮುತ್ತ ಯಾರೂ ಇಲ್ಲವೆಂದುಕೊಂಡಿದ್ದೆ. ಎಂಟು ಕಿ.ಮೀ. ಆಗುವಷ್ಟರಲ್ಲಿ ತೋಳು ಎತ್ತಲಾಗಲಿಲ್ಲ. ಅರವತ್ತು ದಾಟಿದ ಅಜ್ಜಿಯೊಬ್ಬರು ಉಸಿರನ್ನೂ ಏರಿಸಿಕೊಳ್ಳದೆ, ಯಾವುದೋ ಹಾಡು ಗುನುಗುತ್ತ ನನ್ನನ್ನು ದಾಟಿ ಹೋದರು. ನನ್ನ ಎದೆಗೂಡು ಅವರದಕ್ಕಿಂತ ಗಟ್ಟಿಯಿದ್ದಿರಬಹುದು. ಆದರೆ ಅವರು ಒಂದು ಹೆಜ್ಜೆಗೆ ಮೂರು ಮೀಟರ್ ಜಾರುತ್ತಿದ್ದರು, ನಾನು ಒಂದು ಮೀಟರ್. ಅಷ್ಟೇ ದೂರಕ್ಕೆ ನಾನು ಮೂರು ಪಟ್ಟು ಹೆಜ್ಜೆ ಇಡುತ್ತಿದ್ದೆ. ದಮ್ಮು ಎಲ್ಲಿ ಸೋರಿತೆಂದು ಬೇರೆ ಹೇಳಬೇಕಿಲ್ಲ.

ಓಟದಲ್ಲಿ ಪಾದ ನೆಲ ಮುಟ್ಟಿರುವುದು ಒಂದು ಸೆಕೆಂಡಿನ ಕಾಲು ಭಾಗದಷ್ಟು ಹೊತ್ತು. ಅಷ್ಟರಲ್ಲಿ ತೂಕ ಸ್ವಲ್ಪ ಆಚೀಚೆಯಾದರೂ ಮುಂದಿನ ಹೆಜ್ಜೆ ಬಂದು ಕಾಪಾಡುತ್ತದೆ. ಸ್ಕೀಯಲ್ಲಿ ಕಾಪಾಡುವವರಿಲ್ಲ. ಒಂದೇ ಕಾಲಿನ ಮೇಲೆ, ಅದೂ ಜಾರುತ್ತಿರುವ ಕಾಲಿನ ಮೇಲೆ, ಇಡೀ ಮೈಯ ಭಾರ ಹೊತ್ತು ಒಂದು ಸೆಕೆಂಡ್ ಸುಮ್ಮನೆ ನಿಲ್ಲಬೇಕು. ಆಮೇಲೆ ಆ ಭಾರವನ್ನು ಎಲ್ಲವನ್ನೂ, ಅರ್ಧವನ್ನಲ್ಲ, ಇನ್ನೊಂದು ಕಾಲಿಗೆ ದಾಟಿಸಬೇಕು. ಹೊಸಬರ ತೊಂದರೆಗಳಲ್ಲಿ ಮುಕ್ಕಾಲು ಪಾಲು ಈ ದಾಟಿಸುವಿಕೆಯಲ್ಲೇ ಇರುತ್ತದೆ. ಅವರು ಎರಡು ಕಾಲಿನ ನಡುವೆ ನಿಂತು ಎರಡೂ ಸ್ಕೀಗಳನ್ನು ಎಳೆದಾಡುತ್ತಿರುತ್ತಾರೆ. ಹಿಮ ಬೀಳುವವರೆಗಿನ ಎರಡು ತಿಂಗಳನ್ನು ನಾನಾಗಿದ್ದರೆ ಈ ಒಂದು ವಿದ್ಯೆಗೇ ಮೀಸಲಿಡುತ್ತಿದ್ದೆ. ದಮ್ಮು ಅದರ ಜೊತೆಗೇ ಬೆಳೆಯುತ್ತದೆ.

ಹೋದ ವರ್ಷ ಏರಿನಲ್ಲಿ ನಿಮ್ಮ ಸ್ಕೀ ಹಿಂದಕ್ಕೆ ಜಾರುತ್ತಿತ್ತೇ? ಜಾರಿರಬೇಕು. ಕ್ಲಾಸಿಕ್ ಸ್ಕೀಯನ್ನು ಒಮ್ಮೆ ನೆಲದ ಮೇಲಿಟ್ಟು ಬದಿಯಿಂದ ನೋಡಿ: ನಡುಭಾಗ ಬಿಲ್ಲಿನಂತೆ ಮೇಲಕ್ಕೆ ಬಾಗಿರುತ್ತದೆ. ಹಿಡಿತ ಕೊಡುವ ಮೇಣವಾಗಲಿ, ಮೀನಿನ ಹುರುಪೆಯಂಥ ಗೀರುಗಳಾಗಲಿ, ನವಿರು ಕೂದಲಿನ ಪಟ್ಟಿಯಾಗಲಿ ಇರುವುದು ಆ ಬಾಗಿದ ನಡುಭಾಗದ ಅಡಿಯಲ್ಲಿ. ಎರಡೂ ಕಾಲಿನ ಮೇಲೆ ತೂಕ ಹಂಚಿ ನಿಂತಾಗ ಅದು ಹಿಮವನ್ನು ಮುಟ್ಟುವುದಿಲ್ಲ, ಅದಕ್ಕೇ ಸ್ಕೀ ಜಾರುತ್ತದೆ. ಒಂದೇ ಕಾಲಿನ ಮೇಲೆ ಪೂರ್ತಿ ಭಾರ ಬಿಟ್ಟಾಗ ಬಿಲ್ಲು ಮಟ್ಟಸವಾಗಿ ನಡುಭಾಗ ಹಿಮವನ್ನು ಕಚ್ಚುತ್ತದೆ. ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ಕಿಕ್ ಎನ್ನುತ್ತಾರೆ. ಆ ಶಬ್ದ ಎಷ್ಟೋ ಜನರನ್ನು ದಾರಿ ತಪ್ಪಿಸಿದೆ. ಎಲ್ಲರೂ ಹಿಂದಕ್ಕೆ ಒದೆಯುತ್ತಾರೆ. ಕನ್ನಡದವರಿಗೆ ನಾನು ‘ತುಳಿಯಿರಿ’ ಎಂದೇ ಹೇಳಿಕೊಡುತ್ತೇನೆ. ನಾಟಿಗೆ ಮೊದಲು ಗದ್ದೆಯಲ್ಲಿ ಸೊಪ್ಪು ತುಳಿಯುವವರು ಹಿಂದಕ್ಕೆ ಒದೆಯುವುದಿಲ್ಲವಲ್ಲ. ಒಂದು ಕಾಲಿನ ಮೇಲೆ ಪೂರ್ತಿ ಊರಿ ಕೆಳಕ್ಕೆ ಒತ್ತುತ್ತಾರೆ, ಆಮೇಲೆ ಇನ್ನೊಂದು ಕಾಲು. ಅದೇ ಇದು. ತೀರ್ಥಹಳ್ಳಿಯವರಿಗೆ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ ಎಂದುಕೊಳ್ಳುತ್ತೇನೆ.

ಮೊದಲ ಎರಡು ವಾರದ ಕೆಲಸ ಮನೆಯೊಳಗಿನದು, ಖರ್ಚಿಲ್ಲದ್ದು. ಬೆಳಿಗ್ಗೆ ಹಲ್ಲುಜ್ಜುವಾಗ ಎಡಗಾಲಿನಲ್ಲಿ, ರಾತ್ರಿ ಉಜ್ಜುವಾಗ ಬಲಗಾಲಿನಲ್ಲಿ ನಿಲ್ಲಿ. ಕೊಕ್ಕರೆಯಂತೆ ಮಂಡಿ ಸೆಟೆಸಿ ನಿಂತರೆ ಪ್ರಯೋಜನವಿಲ್ಲ. ಮಂಡಿಯೂ ಪಾದದ ಕೀಲೂ ತುಸು ಬಾಗಿರಬೇಕು. ಮೇಲಿನಿಂದ ನೋಡಿದರೆ ಮೂಗು, ಮಂಡಿ, ಹೆಬ್ಬೆರಳು ಒಂದೇ ಗೆರೆಯಲ್ಲಿರಬೇಕು. ಅದು ಸುಲಭವಾದ ಮೇಲೆ ಎತ್ತಿದ ಕಾಲನ್ನು ಲೋಲಕದಂತೆ ಹಿಂದೆ ಮುಂದೆ ಬೀಸಿ. ಅದೂ ಸುಲಭವಾದರೆ ಕಣ್ಣು ಮುಚ್ಚಿ. ಕಣ್ಣು ಮುಚ್ಚಿದ ಮೇಲೆ ಹತ್ತು ಸೆಕೆಂಡ್ ನಿಲ್ಲುವುದೂ ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ, ವಾಶ್‌ಬೇಸಿನ್ ಕೈಗೆಟುಕುವಂತಿರಲಿ. ಇದರ ಜೊತೆಗೆ ಕುಂಟೆಬಿಲ್ಲೆ. ಹೌದು, ಚಿಕ್ಕಂದಿನಲ್ಲಿ ಅಂಗಳದಲ್ಲಿ ಆಡುತ್ತಿದ್ದ ಅದೇ ಆಟ. ಒಂಟಿಕಾಲಿನಲ್ಲಿ ಹಾರಿ, ಗೆರೆ ತುಳಿಯದೆ ಇಳಿದು, ಇಳಿದಲ್ಲೇ ಅಲುಗದೆ ನಿಲ್ಲುವುದು. ನಾರ್ವೆಯವರ ತರಬೇತಿಯಲ್ಲಿ ಇದೇ ಕಸರತ್ತು ಬೇರೆ ಹೆಸರಿನಲ್ಲಿ ಬರುತ್ತದೆ. ಒಂದೇ ವ್ಯತ್ಯಾಸ: ಎಡದಿಂದ ಬಲಗಾಲಿಗೆ, ಬಲದಿಂದ ಎಡಗಾಲಿಗೆ ಹಾರಬೇಕು, ಪ್ರತಿ ಸಲ ಇಳಿದು ಎರಡು ಎಣಿಸಬೇಕು. ಮಕ್ಕಳಿದ್ದರೆ ಸೇರಿಸಿಕೊಳ್ಳಿ. ಅವರೇ ಗೆಲ್ಲುತ್ತಾರೆ.

ಇನ್ನು ಗುಡ್ಡ. ನಿಮ್ಮ ಮೂರು ಓಟಗಳಲ್ಲಿ ಒಂದನ್ನು ಬಿಟ್ಟು ಅದರ ಜಾಗದಲ್ಲಿ ಕೋಲು ಹಿಡಿದು ಗುಡ್ಡ ಹತ್ತಿ. ಸ್ಕೀ ಜಗತ್ತಿನಲ್ಲಿ ಹಿಮವಿಲ್ಲದ ತಿಂಗಳುಗಳ ಕಸುಬುಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಫಲ ಕೊಡುವಂಥದ್ದು ಮತ್ತೊಂದಿಲ್ಲ ಎಂದು ನನ್ನ ನಂಬಿಕೆ. ಮಿನಿಯಾಪೊಲಿಸ್‌ನಲ್ಲಿ ಗುಡ್ಡವೆಲ್ಲಿ ಎನ್ನಬೇಡಿ. ಥಿಯೋಡೋರ್ ವರ್ತ್ ಪಾರ್ಕಿನ ದಿಣ್ಣೆಗಳು, ಹೈಲ್ಯಾಂಡ್‌ನಲ್ಲಿ ಸ್ಕೀ ಇಳಿಯುವವರ ಗುಡ್ಡದ ಪಕ್ಕದ ದಾರಿಗಳು ಸಾಕು. ಕುಂದಾದ್ರಿಯನ್ನು ನೋಡಿ ಬೆಳೆದವರಿಗೆ ಇವು ಹುತ್ತದಂತೆ ಕಾಣಬಹುದು. ಎರಡೇ ನಿಮಿಷದ ಏರನ್ನು ಹತ್ತು ಸಲ ಹತ್ತಿ ಇಳಿದು ನೋಡಿ, ಅಭಿಪ್ರಾಯ ಬದಲಾಗುತ್ತದೆ.

ಕೋಲು ನಿಮ್ಮ ಕ್ಲಾಸಿಕ್ ಕೋಲಿಗಿಂತ ಐದರಿಂದ ಹತ್ತು ಸೆಂಟಿಮೀಟರ್ ಗಿಡ್ಡವಿರಲಿ, ಏಕೆಂದರೆ ಇಲ್ಲಿ ಕಾಲಿನಡಿ ಸ್ಕೀಯ ಎತ್ತರವೂ ಇಲ್ಲ, ಜಾರಿಕೆಯೂ ಇಲ್ಲ. ಇಷ್ಟಕ್ಕಾಗಿ ಹೊಸದನ್ನು ಕೊಳ್ಳಬೇಡಿ. ಚಾರಣದವರ ಉದ್ದ ಬದಲಿಸುವ ಕೋಲು ನಡೆಯುತ್ತದೆ. ಎಲ್ಲರೂ ಮಾಡುವ ತಪ್ಪೊಂದಿದೆ. ಕೋಲನ್ನು ಅಜ್ಜನ ಊರುಗೋಲಿನಂತೆ ಮುಂದಕ್ಕೆ ಚಾಚಿ ನೆಟ್ಟಗೆ ಊರುತ್ತಾರೆ. ಹಾಗೆ ಊರಿದ ಕೋಲು ನಿಮ್ಮನ್ನು ತಡೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಎಡಗಾಲು ಮುಂದಿದ್ದಾಗ ಬಲಗೈಯ ಕೋಲಿನ ಮೊನೆ ಎಡಪಾದದ ಸಾಲಿನಲ್ಲೇ ನೆಲ ಮುಟ್ಟಬೇಕು. ಹಿಡಿ ಮುಂದೆ, ಮೊನೆ ಹಿಂದೆ, ಕೋಲು ಓರೆ. ಅಲ್ಲಿಂದ ಕೈ ಸೊಂಟವನ್ನು ದಾಟಿ ಹಿಂದಕ್ಕೆ ಹೋಗುವವರೆಗೆ ತಳ್ಳಿ, ಕೊನೆಯಲ್ಲಿ ಮುಷ್ಟಿ ಸಡಿಲಿಸಿ. ಪಟ್ಟಿ ಕೈಯನ್ನು ಹಿಡಿದಿರುತ್ತದೆ, ಕೋಲು ಎಲ್ಲಿಗೂ ಹೋಗುವುದಿಲ್ಲ. ಮೈ ಬಾಗಬೇಕಾದದ್ದು ಪಾದದ ಕೀಲಿನಿಂದ, ಸೊಂಟದಿಂದ ಅಲ್ಲ. ಸೊಂಟ ಹಿಂದೆ ಉಳಿದರೆ ಕುರ್ಚಿಯಲ್ಲಿ ಕುಳಿತು ಗುಡ್ಡ ಹತ್ತಿದಂತಾಗುತ್ತದೆ. ಪ್ರತಿ ಹೆಜ್ಜೆಗೂ ಮುಂದಿನ ಕಾಲಿನ ಮೇಲೆ ಪೂರ್ತಿ ಬಂದು ನಿಂತೆನೇ ಎಂದು ಕೇಳಿಕೊಳ್ಳಿ. ಹಿಂದಿನ ಕಾಲನ್ನು ಆ ಗಳಿಗೆ ಎತ್ತಿದರೂ ಬೀಳದಿದ್ದರೆ, ಬಂದಿದ್ದೀರಿ.

ನಡಿಗೆ ಕೈವಶವಾದ ಮೇಲೆ, ಅಂದರೆ ನವೆಂಬರ್ ಹೊತ್ತಿಗೆ, ಅದೇ ಗುಡ್ಡದಲ್ಲಿ ಹಾರು ಹೆಜ್ಜೆ ಶುರು ಮಾಡಬಹುದು. ನಾರ್ವೆಯವರು ಇದಕ್ಕೆ ಅವರ ಕಾಡಿನ ದೊಡ್ಡ ಜಿಂಕೆಯಾದ ಎಲ್ಗ್‌ನ ಹೆಸರಿಟ್ಟಿದ್ದಾರೆ. ಆ ಪ್ರಾಣಿ ಜೌಗಿನಲ್ಲಿ ಓಡುವುದನ್ನು ಕಂಡವರಿಗೆ ಹೆಸರು ಸರಿಯೆನಿಸುತ್ತದೆ: ಒಂದೊಂದು ಹೆಜ್ಜೆಗೂ ಒಂದು ನೆಗೆತ, ಅದರಲ್ಲಿ ಆತುರವಿಲ್ಲ. ನಾಲ್ಕು ನಿಮಿಷ ಗಟ್ಟಿಯಾಗಿ, ಮೂರು ನಿಮಿಷ ಹಗುರಾಗಿ, ಹೀಗೆ ನಾಲ್ಕು ಸಲ ಎಂಬ ಕ್ರಮ ಪ್ರಸಿದ್ಧವಾಗಿದೆ. ನೀವು ಎರಡು ಸಲದಿಂದ ಆರಂಭಿಸಿ. ಮೊಣಕಾಲು ನೋಯುವವರು ಹಾರುವುದೇ ಬೇಡ, ನಡಿಗೆಯಲ್ಲೇ ಬೇಕಾದಷ್ಟು ಏದುಸಿರು ಬರುತ್ತದೆ. ಇಳಿಯುವಾಗ ಓಡಬೇಡಿ, ಮಂಡಿ ಕೆಡುವುದು ಅಲ್ಲಿಯೇ.

ಈಗ ಗ್ಯಾರೇಜಿನಲ್ಲಿರುವ ಆ ಜೋಡಿಯನ್ನು ಈಚೆಗೆ ತನ್ನಿ. ಮೊದಲು ಪರೀಕ್ಷೆ. ಚಕ್ರವನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸಿ ನೋಡಿ. ಒಂದು ಜೋಡಿ ಚಕ್ರ ಹಿಂದಕ್ಕೆ ತಿರುಗದೆ ಸಿಕ್ಕಿಕೊಂಡರೆ ಅದು ಕ್ಲಾಸಿಕ್ ರೋಲರ್ ಸ್ಕೀ, ನಿಮಗೆ ಬೇಕಾದದ್ದು. ಎರಡು ಕಡೆಗೂ ಸಲೀಸಾಗಿ ತಿರುಗಿ, ಚಕ್ರವೂ ಕಿರಿದಾಗಿದ್ದರೆ ಅದು ಸ್ಕೀಗಳನ್ನು ಓರೆಯಾಗಿ ಪಕ್ಕಕ್ಕೆ ತಳ್ಳುತ್ತ ಸಾಗುವ ಸ್ಕೇಟ್ ಶೈಲಿಯದು. ಅದನ್ನು ಮಾತ್ರ ಮಾರಿಬಿಡಿ. ಆಮೇಲೆ ನಿಮ್ಮ ಬೂಟು ಅದರ ಬೈಂಡಿಂಗ್‌ಗೆ, ಅಂದರೆ ಬೂಟನ್ನು ಸ್ಕೀಗೆ ಸಿಕ್ಕಿಸುವ ಕೊಂಡಿಗೆ, ಕೂರುತ್ತದೆಯೇ ನೋಡಿ. ಹಳೆಯ ಜೋಡಿಗಳಲ್ಲಿ ಎಸ್‌ಎನ್‌ಎಸ್ ಎಂಬ ಪದ್ಧತಿಯ ಬೈಂಡಿಂಗ್ ಇರುವುದುಂಟು, ಈಗಿನ ಬೂಟುಗಳು ಬಹುತೇಕ ಎನ್‌ಎನ್‌ಎನ್ ಪದ್ಧತಿಯವು, ಒಂದಕ್ಕೊಂದು ಕೂರುವುದಿಲ್ಲ. ಕೊನೆಯದಾಗಿ ಚಕ್ರದ ವೇಗ. ಚಕ್ರಗಳಿಗೆ ಅಂಕಿಗಳಿರುತ್ತವೆ, ಸಾಮಾನ್ಯವಾಗಿ 1 ಎಂದರೆ ಬಿರುಸು, 2 ಎಲ್ಲರೂ ಬಳಸುವಂಥದ್ದು, 3 ಮತ್ತು 4 ನಿಧಾನ. ಹೊಸಬರು ನಾಚಿಕೆಯಿಲ್ಲದೆ 3 ಹಾಕಿಸಿಕೊಳ್ಳಬೇಕು. ನಿಧಾನದ ಚಕ್ರ ಅಕ್ಟೋಬರ್‌ನಲ್ಲಿ ನಿಮ್ಮನ್ನು ದುಡಿಸುತ್ತದೆ, ಇಳಿಜಾರಿನಲ್ಲಿ ಉಳಿಸುತ್ತದೆ.

ಹೆಲ್ಮೆಟ್, ಗ್ಲೋವ್ಸ್, ಮಂಡಿ ಮೊಣಕೈಗಳ ಕವಚ, ಕಣ್ಣಿಗೆ ಹೊಡೆಯುವ ಬಣ್ಣದ ಮೇಲಂಗಿ. ಇದರಲ್ಲಿ ಚೌಕಾಸಿಯಿಲ್ಲ. ಹಿಮದ ಕೋಲಿನ ತುದಿಯ ಬುಟ್ಟಿಯನ್ನು (ಕೋಲು ಹಿಮದಲ್ಲಿ ಹೂತುಹೋಗದಂತೆ ತಡೆಯುವ ಬಿಲ್ಲೆ) ತೆಗೆದು ಡಾಂಬರನ್ನು ಕಚ್ಚುವ ಕಾರ್ಬೈಡ್ ಮೊನೆ ಹಾಕಿಸಿ. ಮೊಂಡಾದರೆ ವಜ್ರದ ಅರದಿಂದ ಮಸೆಯಬೇಕು, ಮಾಮೂಲಿ ಅರ ಅದಕ್ಕೆ ತಾಗುವುದಿಲ್ಲ. ಡಾಂಬರು ಕೋಲನ್ನು ಸವೆಸುತ್ತದೆ, ಹಳೆಯದನ್ನೇ ಬಳಸಿ.

ಮೊದಲ ದಿನ ಡಾಂಬರಿಗೂ ಹೋಗಬೇಡಿ. ಗಿಡ್ಡ ಹುಲ್ಲಿನ ಮೇಲೆ ನಿಂತು ಹೆಜ್ಜೆ ಹಾಕಿ, ತಿರುಗಿ, ಬೇಕೆಂದೇ ಒಮ್ಮೆ ಕುಳಿತು ಏಳಿ. ಎರಡನೆಯ ದಿನ ಖಾಲಿ ಬಿದ್ದಿರುವ ಮಟ್ಟಸವಾದ ಪಾರ್ಕಿಂಗ್ ಜಾಗ. ಭಾನುವಾರ ಬೆಳಿಗ್ಗೆ ಶಾಲೆ, ಕಚೇರಿಗಳ ಮುಂದೆ ಸಿಗುತ್ತದೆ. ಒಂದೇ ಕಾಲಿಗೆ ರೋಲರ್ ಸ್ಕೀ, ಇನ್ನೊಂದಕ್ಕೆ ಓಟದ ಶೂ, ಕೈಯಲ್ಲಿ ಕೋಲಿಲ್ಲ. ಮಕ್ಕಳು ಸ್ಕೂಟರ್ ತಳ್ಳಿದಂತೆ ಶೂ ಇರುವ ಕಾಲಿನಿಂದ ನೆಲವನ್ನು ತಳ್ಳಿ, ಸ್ಕೀ ಇರುವ ಕಾಲಿನ ಮೇಲೆ ಪೂರ್ತಿ ನಿಂತು ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ. ಹಲ್ಲುಜ್ಜುವಾಗ ಮಾಡಿದ್ದು ಈಗ ಚಲಿಸುತ್ತಿದೆ, ಅಷ್ಟೇ. ಹತ್ತು ನಿಮಿಷ ಬಲ, ಹತ್ತು ನಿಮಿಷ ಎಡ. ಯಾವ ಕಾಲು ನಿಮ್ಮ ಸೋಮಾರಿ ಕಾಲು ಎಂದು ಆ ಇಪ್ಪತ್ತು ನಿಮಿಷದಲ್ಲಿ ತಿಳಿದುಹೋಗುತ್ತದೆ. ಎಲ್ಲರಿಗೂ ಒಂದಿರುತ್ತದೆ. ನನ್ನದು ಎಡ, ಇಪ್ಪತ್ತು ವರ್ಷವಾದರೂ ತಿದ್ದಿಕೊಂಡಿಲ್ಲ.

ಆಮೇಲೆ ಎರಡೂ ಕಾಲಿಗೆ ಸ್ಕೀ, ಆಮೇಲೆ ಕೋಲು. ಜಾಗವನ್ನು ಹೀಗೆ ಆರಿಸಿ: ಹೋಗುವುದೆಲ್ಲ ಮಟ್ಟ ಅಥವಾ ಏರು. ಏರು ಮುಗಿದ ಕೂಡಲೇ ಸ್ಕೀ ಬಿಚ್ಚಿ ಕೈಯಲ್ಲಿ ಹಿಡಿದು ನಡೆದು ಇಳಿಯಿರಿ. ಈ ಋತುವಿನಲ್ಲಿ ನಿಮಗೆ ಇಳಿಜಾರಿನ ಅಗತ್ಯವೇ ಇಲ್ಲ. ಅಕಸ್ಮಾತ್ ವೇಗ ಹೆಚ್ಚಿದರೆ ಮಂಡಿ ಬಗ್ಗಿಸಿ ಕುಗ್ಗಿ, ಕೈಯನ್ನು ಮುಂದಿಟ್ಟುಕೊಂಡು ದಾರಿಬದಿಯ ಹುಲ್ಲಿಗೆ ಹೆಜ್ಜೆ ಹಾಕುತ್ತ ಹತ್ತಿಬಿಡಿ. ಹುಲ್ಲಿನಲ್ಲಿ ಓಡುತ್ತ ನಿಲ್ಲಬಹುದು. ನೆಟ್ಟಗೆ ನಿಂತು ಹಿಂದಕ್ಕೆ ವಾಲಿದವರು ಬೆನ್ನ ಮೇಲೆ ಬೀಳುತ್ತಾರೆ. ಮಳೆಯಾದ ದಿನ, ಒದ್ದೆ ಎಲೆ ಹಾಸಿದ ದಾರಿಯಲ್ಲಿ ಹೋಗಬೇಡಿ, ಕೋಲೂ ಜಾರುತ್ತದೆ, ಚಕ್ರವೂ. ಇನ್ನು ಓಕ್ ಮರದ ಕಾಯಿ. ಅಡಿಕೆಯಷ್ಟು ಗಾತ್ರದ ಆ ಕಾಯಿ ಚಕ್ರದ ಮುಂದೆ ಸಿಕ್ಕಿತೆಂದರೆ ಸ್ಕೀ ಅಲ್ಲಿಯೇ ನಿಲ್ಲುತ್ತದೆ, ಮೈ ಮುಂದೆ ಹೋಗುತ್ತದೆ. ನನ್ನ ಗಲ್ಲದ ಮೇಲೆ ಇರುವ ಮೂರು ಹೊಲಿಗೆಯ ಗುರುತು ಅಂಥದ್ದೊಂದು ಕಾಯಿಯ ಕೃಪೆ. ಕಲಿಸುವವನೇ ಬಿದ್ದದ್ದನ್ನು ಅಂದು ಹನ್ನೆರಡು ವಿದ್ಯಾರ್ಥಿಗಳು ನೋಡಿದರು.

ರೋಲರ್ ಸ್ಕೀಯ ಗುಣವನ್ನು ಇಷ್ಟು ಹೇಳಿದ ಮೇಲೆ ಅದರ ಮೋಸವನ್ನೂ ಹೇಳಬೇಕು. ಹಿಂದಕ್ಕೆ ತಿರುಗದ ಚಕ್ರ ನಿಮಗೆ ಯಾವಾಗಲೂ ಹಿಡಿತ ಕೊಡುತ್ತದೆ. ಅರ್ಧ ತೂಕ ಹಾಕಿದರೂ, ತಡವಾಗಿ ತುಳಿದರೂ, ಹಿಂದಕ್ಕೆ ಒದ್ದರೂ ಜಾರುವುದಿಲ್ಲ. ಹಿಮ ಅಷ್ಟು ಉದಾರಿಯಲ್ಲ. ಡಾಂಬರಿನಲ್ಲಿ ಹುಲಿಯಂತಿದ್ದು ಹಿಮದ ಮೊದಲ ಏರಿನಲ್ಲೇ ಜಾರುವವರನ್ನು ಪ್ರತಿ ಡಿಸೆಂಬರ್‌ನಲ್ಲೂ ಕಾಣುತ್ತೇನೆ. ಇದಕ್ಕೆ ಮದ್ದು: ಚಕ್ರದ ಮೇಲೆ ಕಾಲಿನ ಹೆಜ್ಜೆಗಿಂತ ಕೋಲಿನ ಕೆಲಸಕ್ಕೆ ಹೆಚ್ಚು ಹೊತ್ತು ಕೊಡಿ, ಹೆಜ್ಜೆ ಹಾಕುವಾಗಲೆಲ್ಲ ಪಾದದ ಪಕ್ಕಕ್ಕೆ ಪಾದ ಬಂದ ಕ್ಷಣದಲ್ಲೇ ತುಳಿಯುವುದನ್ನು ರೂಢಿಸಿ. ಪಾದ ಹಿಂದೆ ಹೋದ ಮೇಲೆ ತುಳಿದದ್ದು ಹಿಮದಲ್ಲಿ ಲೆಕ್ಕಕ್ಕಿಲ್ಲ. ಗುಡ್ಡದ ನಡಿಗೆಯನ್ನು ಇಷ್ಟು ಹೊಗಳಿದ್ದಕ್ಕೂ ಇದೇ ಕಾರಣ; ಅಲ್ಲಿ ಸುಳ್ಳು ನಡೆಯುವುದಿಲ್ಲ.

ಕೋಲಿನ ಕೆಲಸವೆಂದರೆ ಡಬಲ್ ಪೋಲಿಂಗ್, ಎರಡು ಕೋಲನ್ನೂ ಒಟ್ಟಿಗೆ ಊರಿ ತಳ್ಳುವುದು. ಸ್ವೀಡನ್ನಿನ ವಾಸಾಲೋಪೆಟ್‌ನಲ್ಲಿ, 1922ರಿಂದ ನಡೆದುಬಂದಿರುವ 90 ಕಿ.ಮೀ. ಓಟದಲ್ಲಿ, ಮುಂಚೂಣಿಯವರು ಈಗ ಹಿಡಿತದ ಮೇಣವನ್ನೇ ಹಚ್ಚದೆ ಇಡೀ ದೂರವನ್ನು ಹೀಗೆ ತಳ್ಳಿಕೊಂಡೇ ಹೋಗುತ್ತಾರೆ. ನಿಮಗೆ ಅಷ್ಟು ಬೇಡ, ಆದರೆ 29 ಕಿ.ಮೀ.ಯಲ್ಲಿ ಮಟ್ಟಸ ಜಾಗವೆಲ್ಲ ಇದರಲ್ಲೇ ಸಾಗಬೇಕು. ಇದು ತೋಳಿನ ಕೆಲಸವೆಂದುಕೊಂಡವರ ತೋಳು ನನ್ನದರಂತೆ ಎಂಟನೆಯ ಕಿಲೋಮೀಟರಿನಲ್ಲಿ ಮುಗಿಯುತ್ತದೆ. ನಿಮ್ಮಜ್ಜಿ ಒನಕೆಯಲ್ಲಿ ಭತ್ತ ಕುಟ್ಟುವುದನ್ನು ನೋಡಿದ್ದರೆ ನೆನಪು ಮಾಡಿಕೊಳ್ಳಿ. ತೋಳಿನಿಂದ ಕುಟ್ಟಿದ್ದರೆ ಒಂದು ಮೊರಕ್ಕೂ ಆಗುತ್ತಿರಲಿಲ್ಲ. ಹಿಮ್ಮಡಿ ಎತ್ತಿ ಮೈ ಮೇಲೇರುತ್ತದೆ, ಆಮೇಲೆ ಇಡೀ ಮೈಯ ಭಾರ ಒನಕೆಯ ಮೇಲೆ ಬೀಳುತ್ತದೆ. ತೋಳು ದಾರಿ ತೋರಿಸುತ್ತದೆ ಅಷ್ಟೇ. ಕೋಲಿನ ಮೇಲೂ ಹಾಗೆಯೇ ಬೀಳಬೇಕು. ಮೊದಲು ಹೊಟ್ಟೆ ಬಿಗಿಯಬೇಕು, ತೋಳು ಕೊನೆಯಲ್ಲಿ ನೀಳವಾಗಬೇಕು. ಡಾಂಬರು ಹಿಮದಂತೆ ಮೆತ್ತಗಿಲ್ಲ. ಪ್ರತಿ ಊರುವಿಕೆಯ ಪೆಟ್ಟು ಮೊಣಕೈಗೆ ಬರುತ್ತದೆ. ಅದಕ್ಕೇ ಆರಂಭದಲ್ಲಿ ಇಪ್ಪತ್ತು ನಿಮಿಷ, ಒಂದು ದಿನ ಬಿಟ್ಟು ಒಂದು ದಿನ. ಮೊಣಕೈಯ ಒಳಬದಿಯಲ್ಲಿ ನೋವು ಕಂಡರೆ ವಾರ ಪೂರ್ತಿ ನಿಲ್ಲಿಸಿ.

ಜಿಮ್ ಬಗ್ಗೆ ಹೆಚ್ಚು ಹೇಳಲಾರೆ. ನೀವು ಮಾಡುತ್ತಿರುವುದನ್ನು ಅರ್ಧಕ್ಕೆ ಇಳಿಸಿ, ಇಪ್ಪತ್ತೈದು ನಿಮಿಷದ ಎರಡು ಸರದಿ ಸಾಕು. ಯಂತ್ರದಲ್ಲಿ ಕುಳಿತು ಕಾಲು ಚಾಚುವ ಕಸರತ್ತುಗಳು ನಮಗೆ ಅನಗತ್ಯ. ಒಂಟಿಕಾಲಿನ ಬಸ್ಕಿ, ಗರಡಿಯವರ ದಂಡ, ಬಾರಿಗೆ ಜೋತು ಮೈ ಎಳೆಯುವುದು (ಆಗದಿದ್ದರೆ ರಬ್ಬರ್ ಪಟ್ಟಿಯ ನೆರವಿನಿಂದ), ಪ್ಲ್ಯಾಂಕ್. ನಿಮ್ಮ ಜಿಮ್‌ನಲ್ಲಿ ನಿಂತು ಹಗ್ಗ ಎಳೆಯುವ ಸ್ಕೀ ಅರ್ಗ್ ಯಂತ್ರವಿದ್ದರೆ ಮಳೆಯ ದಿನಗಳಿಗೆ ಅದು ವರ. ಅಲ್ಲಿಯೂ ಒನಕೆ ನೆನಪಿರಲಿ.

ವೇಗದ ವಿಚಾರಕ್ಕೆ ಬಂದರೆ ನಿಮ್ಮ ಪತ್ರದಲ್ಲಿ ನನಗೆ ಕಳವಳ ತಂದದ್ದು ರೋಲರ್ ಸ್ಕೀಯಲ್ಲ, ಆ ಮೂರು 5 ಕಿ.ಮೀ. ಓಟಗಳು. ನೀವು ಬರೆದಿಲ್ಲ, ಆದರೆ ಊಹಿಸಬಲ್ಲೆ: ಪ್ರತಿ ಸಲವೂ ಹಿಂದಿನ ಸಮಯವನ್ನು ಮುರಿಯಲು ನೋಡುತ್ತೀರಿ. ನಾವು ಪರೀಕ್ಷೆಗಳಲ್ಲಿ ಬೆಳೆದವರು, ಅಂಕ ಬರದ ಕೆಲಸ ನಮಗೆ ಕೆಲಸವೆನಿಸುವುದಿಲ್ಲ. ವಿಶ್ವದರ್ಜೆಯ ಸ್ಕೀ ಪಟುಗಳು ವರ್ಷಕ್ಕೆ ಸುಮಾರು 800 ಗಂಟೆ ತರಬೇತಿ ಮಾಡುತ್ತಾರೆ. ಅದರಲ್ಲಿ ಹೆಚ್ಚೂಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಮಾತನಾಡಿಕೊಂಡು ಹೋಗುವ ವೇಗದಲ್ಲಿ. ನಿಧಾನವಾಗಿ, ದೀರ್ಘವಾಗಿ ದುಡಿದಾಗ ಮೈ ಕೊಬ್ಬನ್ನು ಉರಿಸಲು ಕಲಿಯುತ್ತದೆ, ಸ್ನಾಯುವಿನೊಳಗೆ ಸಣ್ಣ ರಕ್ತನಾಳಗಳು ಬೆಳೆಯುತ್ತವೆ, ಮರುದಿನಕ್ಕೆ ಶಕ್ತಿ ಉಳಿಯುತ್ತದೆ. ನಿಮ್ಮ 29 ಕಿ.ಮೀ. ಸುಮಾರು ಮೂರು ಗಂಟೆಯ ಕೆಲಸ ಎಂದಿಟ್ಟುಕೊಳ್ಳಿ. ಅರ್ಧ ಗಂಟೆಯ ಬಿರುಸು ಓಟ ಅದಕ್ಕೆ ನಿಮ್ಮನ್ನು ಸಿದ್ಧಗೊಳಿಸಲಾರದು.

ಹಾಗಾಗಿ ವಾರವನ್ನು ಹೀಗೆ ಹೊಲಿಯಿರಿ. ಭಾನುವಾರ ಉದ್ದನೆಯ ದಿನ: ಕೋಲು ಹಿಡಿದು ಕಾಡುದಾರಿಯಲ್ಲಿ ನಡಿಗೆ, ನಡುನಡುವೆ ಮೆಲ್ಲನೆ ಓಟ. ಒಂದೂವರೆ ಗಂಟೆಯಿಂದ ಆರಂಭಿಸಿ ನವೆಂಬರ್ ಕೊನೆಗೆ ಎರಡೂವರೆ ಗಂಟೆ ಮುಟ್ಟಲಿ. ಜೊತೆಗೊಬ್ಬರನ್ನು ಕರೆದುಕೊಳ್ಳಿ, ಹರಟೆ ನಿಂತಿತೆಂದರೆ ವೇಗ ಹೆಚ್ಚಾಯಿತೆಂದು ಅರ್ಥ. ವಾರದ ನಡುವೆ ಎರಡು ದಿನ ರೋಲರ್ ಸ್ಕೀ, ಒಂದು ದಿನ ಗುಡ್ಡ. ಏದುಸಿರು ಬರುವ ದಿನ ಆ ಗುಡ್ಡದ್ದೊಂದೇ. ಒಂದು ಓಟವನ್ನು ಇಟ್ಟುಕೊಳ್ಳಿ, ಗಡಿಯಾರವನ್ನು ಮನೆಯಲ್ಲಿ ಬಿಟ್ಟು. ಒಂದು ದಿನ ಏನೂ ಬೇಡ. ಎದೆನೋವು, ತಲೆಸುತ್ತು ಎಂದಾದರೂ ಕಂಡಿದ್ದರೆ, ಮನೆತನದಲ್ಲಿ ಹೃದಯದ ಕಾಯಿಲೆಯಿದ್ದರೆ ಇದನ್ನೆಲ್ಲ ಆರಂಭಿಸುವ ಮೊದಲು ವೈದ್ಯರಿಗೆ ತೋರಿಸಿ.

ನವೆಂಬರ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದಾಚೆ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಚೇರಿ ಮುಗಿಸಿ ಹೊರಡುವವರಿಗೆ ಹಣೆದೀಪ ಬೇಕೇ ಬೇಕು. ಕತ್ತಲಲ್ಲಿ ರೋಲರ್ ಸ್ಕೀ ಬೇಡ. ಕತ್ತಲೆಗೆ ಗುಡ್ಡದ ನಡಿಗೆ, ಬೆಳಕಿಗೆ ಚಕ್ರ. ಅದೇ ತಿಂಗಳ ಆರಂಭದಲ್ಲಿ ಮಿನಸೋಟದಲ್ಲಿ ಕೋವಿಯ ಜಿಂಕೆ ಬೇಟೆಯ ಕಾಲ ತೆರೆದುಕೊಳ್ಳುತ್ತದೆ. ಊರ ಹೊರಗಿನ ಕಾಡಿಗೆ ಹೋಗುವುದಿದ್ದರೆ ಕಡುಕಿತ್ತಳೆ ಬಣ್ಣದ ಟೋಪಿ, ಮೇಲಂಗಿ ತೊಡಿ. ಕಂದು ಸ್ವೆಟರ್ ಹಾಕಿಕೊಂಡು ಕೋಲು ಬೀಸುತ್ತ ಏರು ಹತ್ತುವವರು ದೂರದಿಂದ ಏನಾಗಿ ಕಾಣಬಹುದೆಂದು ಯೋಚಿಸಿ.

ಎರಡು ತಿಂಗಳಿಗೇ ಹಿಮ ಬರುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ನಿಮ್ಮ ಕೋರ್ಟೆಲೋಪೆಟ್ ಯಾವ ದೊಡ್ಡ ಓಟದ ತಂಗಿಯೋ, ಆ ಅಮೆರಿಕನ್ ಬರ್ಕಬೈನರ್ 1973ರಿಂದ ನಡೆಯುತ್ತಿದೆ. 2017ರಲ್ಲಿ ಹಿಮವಿಲ್ಲದೆ ರದ್ದಾಯಿತು. 2024ರಲ್ಲಿ ಯಂತ್ರದಿಂದ ಮಾಡಿದ ಹಿಮದ 10 ಕಿ.ಮೀ. ಸುತ್ತಿನಲ್ಲಿ ಜನ ಸುತ್ತಿ ಸುತ್ತಿ ಓಡಿದರು. ಸ್ವಿಟ್ಜರ್ಲೆಂಡಿನ ದಾವೋಸ್‌ನವರು ಹೋದ ವರ್ಷದ ಹಿಮವನ್ನು ಮರದ ಹೊಟ್ಟಿನಡಿ ಬೇಸಿಗೆಯಿಡೀ ಮುಚ್ಚಿಟ್ಟು ಚಳಿಗಾಲಕ್ಕೆ ಮೊದಲೇ ಹಾಸುತ್ತಾರೆ, ನಮ್ಮಲ್ಲಿ ಐಸನ್ನು ಮರದ ಹೊಟ್ಟಿನಲ್ಲಿ ಹೂತಿಡುತ್ತಿದ್ದಂತೆ. ಫಿನ್‌ಲೆಂಡಿನ ವುಕಾಟ್ಟಿಯಲ್ಲಿ ಸುರಂಗದೊಳಗೆ ಬೇಸಿಗೆಯಲ್ಲೂ ಹಿಮವಿರುತ್ತದೆ. ನಿಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಚಳಿ ಸಾಕಷ್ಟು ಬಿದ್ದ ಕೂಡಲೇ ವರ್ತ್, ಎಲ್ಮ್ ಕ್ರೀಕ್, ಹೈಲ್ಯಾಂಡ್‌ಗಳಲ್ಲಿ ಯಂತ್ರಗಳು ಹಿಮ ಉಗುಳಲು ತೊಡಗುತ್ತವೆ. ಆಕಾಶದ ಹಿಮಕ್ಕೆ ಕಾಯದೆ ಅಲ್ಲಿಗೆ ಹೋಗಿ. ಹಿಮವೇ ಬೀಳದ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಇದೇ ಕ್ರಾಸ್‌ಕಂಟ್ರಿಯಲ್ಲಿ ಚಿನ್ನ ಗೆದ್ದಿದ್ದಾರೆ. ಯಜಮಾನರು ಮತ್ತೆ ಮಾರುವ ಮಾತೆತ್ತಿದರೆ ಈ ಹೆಸರು ಹೇಳಿ ನೋಡಿ.

ಮೊದಲ ಹಿಮದ ದಿನ ಮಾತ್ರ ಒಂದು ಮಾತು ನಡೆಸಿಕೊಡಿ. ಕೋಲನ್ನು ಕಾರಿನಲ್ಲೇ ಬಿಟ್ಟು ಹೋಗಿ. ಅರ್ಧ ಗಂಟೆ ಬರೀ ಕಾಲಿನಲ್ಲಿ, ತುಳಿದು ಜಾರಿ, ತುಳಿದು ಜಾರಿ. ಒಂದೊಂದು ಜಾರಿಕೆಯಲ್ಲೂ ಎಷ್ಟು ಎಣಿಸುವವರೆಗೆ ಇನ್ನೊಂದು ಕಾಲು ನೆಲ ಮುಟ್ಟದೆ ಇರುತ್ತದೆ ನೋಡಿಕೊಳ್ಳಿ. ಹೋದ ವರ್ಷ ಅದು ಒಂದೂ ಆಗಿರಲಿಕ್ಕಿಲ್ಲ. ಈ ಸಲ ಎರಡಾದರೆ ನನಗೊಂದು ಸಾಲು ಬರೆಯಿರಿ.